ಎಲ್ಲಿಗೆಂದು ಕೇಳದ ಗಾಡಿ

“ವೈನೀ, ಹೊರಗ ಬರ್ರಿ! ಇವತ್ತಿನಿಂದ ಈ ಊರಾಗ ಒಂದು ಗಾಡೀನೂ ದಾರಿ ತಪ್ಪೂದಿಲ್ಲ!”

ಪಕ್ಕದ ಮನೆಯ ಈರಸಂಗಪ್ಪ ಕಾಂಪೌಂಡಿನ ಆಚೆಯಿಂದ ಹೀಗೆ ಕೂಗಿದಾಗಲೆಲ್ಲ ನೀಲಕ್ಕನ ಎದೆ ಧಸಕ್ಕೆನ್ನುತ್ತಿತ್ತು. ಹಿಂದೊಮ್ಮೆ ಹೀಗೆಯೇ ಕೂಗಿ ಕರೆದು ಅವನು ತೋರಿಸಿದ್ದ ರೊಟ್ಟಿ ಬಡಿಯುವ ಯಂತ್ರ, ಹಿಟ್ಟು ಮುಗಿದ ಮೇಲೆ ಅಡುಗೆಮನೆಯ ಕಟ್ಟೆಯನ್ನೂ ಬಡಿದು ತೆಳ್ಳಗೆ ಮಾಡಿತ್ತು! ಆದರೂ ಮನುಷ್ಯ ಕೆಟ್ಟವನಲ್ಲ. ಇವತ್ತು ನೀಲಕ್ಕನ ಗಂಡ ಮುರಿಗೆಪ್ಪ ಮಾಸ್ತರರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆಂದು ತನ್ನ ಕಿತ್ತಳೆ ಬಣ್ಣದ ಗಾಡಿಯನ್ನು ತೊಳೆದು, ಹಿಂದಿನ ಸೀಟಿಗೆ ತನ್ನ ಮನೆಯ ಎರಡು ದಿಂಬು ಹಾಕಿ, ಬಿಸಿಲು ಬೀಳುವ ಕಡೆಯ ಕಿಟಕಿಗೆ ಹೆಂಡತಿಯ ಹಳೆಯ ಇಳಕಲ್ಲ ಸೀರೆಯ ಪರದೆ ಕಟ್ಟಿದ್ದ. ನೀಲಕ್ಕ ಅದನ್ನು ನೋಡಿ ಸುಮ್ಮನೆ ಮೆಟ್ಟಿಲಿಳಿದು ಬಂದರು.

ಮುರಿಗೆಪ್ಪ ಮಾಸ್ತರರ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು. ಅವರನ್ನು ಕರೆದೊಯ್ಯುತ್ತಿದ್ದ ಆಸ್ಪತ್ರೆಯ ಗಾಡಿ ರಿಪೇರಿಗೆ ಹೋಗಿತ್ತು. ಅದೂ ಸಾಲದೆಂಬಂತೆ ಮಾಸ್ತರರು ಮೊನ್ನೆ ಒಂದು ತೊಟ್ಟಿಲ ಕಾರ್ಯಕ್ರಮದಲ್ಲಿ ಡಾಕ್ಟರ್ ಬೇಡವೆಂದಿದ್ದ ಮಜ್ಜಿಗೆಯನ್ನು ಹೆಂಡತಿಯ ಕಣ್ಣು ತಪ್ಪಿಸಿ ಕುಡಿದುಬಿಟ್ಟಿದ್ದರು. ಕಾಲು ಬಾತಿದ್ದವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆಳಿಗ್ಗೆ ವಾರ್ಡಿನ ಶಹಿದಾ ಸಿಸ್ಟರ್ ತಾವೇ ಫೋನ್ ಮಾಡಿ, “ಅಮ್ಮಾ, ಇವತ್ತ ಪಾಳಿ ತಪ್ಪಿಸಬ್ಯಾಡ್ರಿ. ಅಜ್ಜಾರ ಮಂಚ ನಾ ಹಿಡದಿಟ್ಟಿರ್ತೀನಿ, ಆದ್ರ ಭಾಳ ಹೊತ್ತು ಹಿಡದಿಡ್ಲಿಕ್ಕೆ ಆಗೂದಿಲ್ಲ” ಎಂದಿದ್ದರು.

ಈರಸಂಗಪ್ಪ ಬಾನೆಟ್ಟಿನ ಮೇಲೆ ತಗಡಿನ ಪೆಟ್ಟಿಗೆಯೊಂದನ್ನಿಟ್ಟು ಮೇಲಿದ್ದ ಟವೆಲ್ಲು ತೆಗೆದ. ಅದರಿಂದ ನಾಲ್ಕು ಆಂಟೆನಾಗಳು ಜಿರಲೆಯ ಮೀಸೆಯಂತೆ ಅಲ್ಲಾಡುತ್ತಿದ್ದವು.

“ಇದು ದಾರಿ ದುಭಾಷಿ!”

“ಏನ ಮಾಡತೈತೋ ಇದು?” ಮಾಸ್ತರರು ಗೋಡೆ ಹಿಡಿದು ನಿಂತು ಕೇಳಿದರು.

“ನೋಡ್ರಿ ಮಾಸ್ತರ, ಈಗ ಎಲ್ಲಾ ಗಾಡೀನೂ ಡ್ರೈವರ್ ಇಲ್ದ ತಾವ ಓಡ್ತಾವ, ಖರೆ. ಆದ್ರ ಒಂದೊಂದು ಕಂಪನಿದು ಒಂದೊಂದು ನಕಾಶೆ! ಹಾಲಿನ ಗಾಡಿ ನಸುಕಿನಿಂದ ಊರೆಲ್ಲ ಸುತ್ತಿರತೈತಿ. ಯಾವ ಓಣಿ ಅಗದಾರ, ಎಲ್ಲಿ ಪೈಪ್ ಒಡದೈತಿ, ಎಲ್ಲಾ ಅದಕ್ಕ ಗೊತ್ತು. ಅದು ‘ಹನ್ನೆರಡನೇ ಅಡ್ಡರಸ್ತೆ ಹಿಡಿ’ ಅಂತ ಹೇಳಿದ್ರ, ನನ್ನ ಗಾಡಿ ‘ಅಂಥಾ ರಸ್ತೆ ನಮ್ಮಲ್ಲಿಲ್ಲ’ ಅಂತೈತಿ!”

“ಈಗ?”

“ಈಗ ಇದು ಇಬ್ಬರ ನಡುವ ಕುಂದ್ರತೈತಿ. ಹೆಸರು ಬ್ಯಾಡ, ನಂಬರು ಬ್ಯಾಡ. ‘ಇಷ್ಟು ಅಗಲದ ರಸ್ತೆ, ಇಷ್ಟು ದೂರ ಹೋಗಿ ಎಡಕ್ಕ ಬಾಗತೈತಿ, ಮುಂದ ಮೂರು ದಾರಿ ಕೂಡ್ತಾವ’ ಅಂತ ದಾರಿಯ ಚಹರೆ ಹೇಳತೈತಿ. ಕೇಳಿದ ಗಾಡಿ ತನ್ನ ನಕಾಶೆದಾಗ ಅದೇ ಚಹರೆದ ರಸ್ತೆ ಹುಡುಕ್ಕೊಂಡು ಹೋಗತೈತಿ! ಹ್ಯಾಂಗ?”

“ಈ ಊರಾಗ ಎಲ್ಲಾ ರಸ್ತೆದ ಚಹರೆನೂ ಒಂದೇ ಐತೆಲ್ಲೋ ಈರಸಂಗಪ್ಪ.”

“ಹೊರಡೋ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ್ರಿ ಮಾಸ್ತರ!”

ಮಾಸ್ತರರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಹಿರೇಕೋಡಿ ಹಿನ್ನೀರಿನ ಕೆಳಗೆ ಹೋದ ಮೇಲೆ ಗುಡ್ಡದ ಮೇಲೆ ಕಟ್ಟಿಸಿಕೊಟ್ಟ ಹೊಸ ಊರು ಅದು. ಸೆಕ್ಟರುಗಳೆಲ್ಲ ಒಂದೇ ಅಚ್ಚಿನಲ್ಲಿ ಹಾಕಿದ ಇಟ್ಟಿಗೆಯ ಹಾಗೆ. ನಡುವೆ ಒಂದು ಉದ್ಯಾನ, ಉದ್ಯಾನದಲ್ಲೊಂದು ನೀರಿನ ಟಾಕಿ, ಟಾಕಿಯ ನೆರಳಿಗೊಂದು ಚಹಾದಂಗಡಿ. ಊರಿಗೆ ಬಂದ ನೆಂಟರು ಬೇರೆ ಸೆಕ್ಟರಿನ ಯಾರದೋ ಮನೆಯಲ್ಲಿ ಉಂಡು, ಕೈತೊಳೆದ ಮೇಲೆ ಗುರುತು ವಿಚಾರಿಸಿಕೊಂಡದ್ದುಂಟು. ಆ ಮನೆಯವರೂ ಉಣ್ಣುವವರೆಗೆ ಗುರುತು ಕೇಳಿರಲಿಲ್ಲ ಎನ್ನಿ.

ಪೆಟ್ಟಿಗೆಯನ್ನು ಸೀಟಿನ ಕೆಳಗೆ ಕೂರಿಸಿ, ಮಾಸ್ತರರನ್ನು ದಿಂಬಿಗೆ ಒರಗಿಸಿ, ಈರಸಂಗಪ್ಪ ಒಂದು ಗುಂಡಿ ಒತ್ತಿದ. ಪೆಟ್ಟಿಗೆಯೊಳಗಿಂದ ಎಳೆಯ ಸೊಸೆಯಂಥ ದನಿಯೊಂದು ಬಂತು:

“ಎಲ್ಲಿಗೆ?”

ನೀಲಕ್ಕ ಬಾಗಿಲಲ್ಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದರು!

ಹೊರಟವರನ್ನು ಎಲ್ಲಿಗೆ ಎಂದು ಕೇಳುವುದುಂಟೇ? ಬೇಕಾದರೆ ದೂರ ಹೊಂಟೀರೇನು ಎಂದು ಕೇಳಬಹುದು. ಅವರು ಬಿ.ಎ. ಓದಿದವರು, ಗ್ರಹಣದ ಹೊತ್ತಿನಲ್ಲೂ ಉಪ್ಪಿಟ್ಟು ತಿನ್ನುವವರು. ಆದರೆ ಗಂಡನ ಕಾಯಿಲೆ ಶುರುವಾದಾಗಿನಿಂದ ಈ ಒಂದು ಮಾತು ಮಾತ್ರ ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಕಾಲು ಬಾತ ಮನುಷ್ಯ ಹೊಸ್ತಿಲು ದಾಟುವಾಗ ಎಲ್ಲಿಗೆ ಎಂದು ಕೇಳಿದರೆ, ಉತ್ತರ ಕೊಡುವುದು ಅವನೇ ಆಗಿರಬೇಕೆಂದೇನೂ ಇಲ್ಲವಲ್ಲ!

“ಈರಸಂಗಪ್ಪ, ನಾ ಇವರನ್ನ ಕಳಸೂದಿಲ್ಲ. ಇಳಸು ಅವರನ್ನ.”

“ಅಯ್ಯ ವೈನೀ! ಯಂತ್ರ ಅದು, ಅದಕ್ಕೇನ ತಿಳೀತೈತಿ?”

“ತಿಳೀಲಾರದ್ದು ಬಾಯಿ ಮುಚ್ಚಿಕೊಂಡಿರಬೇಕು!”

“ನೀಲಾ, ಹೊತ್ತಾಗತೈತಿ,” ಎಂದರು ಮಾಸ್ತರರು ಒಳಗಿನಿಂದ. ಅಷ್ಟು ಹೇಳುವುದಕ್ಕೆ ಅವರು ಎರಡು ಸಲ ಉಸಿರೆಳೆದುಕೊಂಡರು.

ಈರಸಂಗಪ್ಪ ನೀಲಕ್ಕನ ಮುಖ ನೋಡಿದ. ವಾದಿಸಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಸೀಟಿನ ಕೆಳಗೆ ತೂರಿಕೊಂಡು ಏನೋ ತಿರುಗಿಸಿದ. “ಆತು ತಗೋರಿ. ಇನ್ನ ಅದು ಕೇಳೂದಿಲ್ಲ. ಕೇಳೂ ಗರಜಾದ್ರೂ ಏನೈತಿ? ಹಾಲಿನ ಗಾಡಿ ದಿನಾ ಆಸ್ಪತ್ರಿ ಮುಂದಿಂದನ ಹೋಗತೈತಿ. ಅದರ ದಾರಿ ಇಸಕೊಂಡ್ರ ಆತು, ಗೇಟ್ ಬಂದ ಕೂಡ್ಲೆ ನಾ ನಿಲ್ಲು ಅಂತೀನಿ.”

ಗಾಡಿ ಹೊರಟಿತು. ಮೊದಮೊದಲು ಎಷ್ಟು ಚೆನ್ನಾಗಿ ಓಡಿತೆಂದರೆ ನೀಲಕ್ಕನಿಗೆ ತಾವು ಅಷ್ಟು ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಅಗೆದಿಟ್ಟ ಓಣಿಯ ಬಾಯಿಯಲ್ಲಿ ಬೇರೆ ಗಾಡಿಗಳು ಸಿಕ್ಕಿ ಬೊಬ್ಬೆ ಹೊಡೆಯುತ್ತಿದ್ದರೆ, ಇವರದು ಬೆಣ್ಣೆಯಲ್ಲಿ ಚಾಕು ಹೋದಂತೆ ಪಕ್ಕದ ಬೀದಿಗೆ ಜಾರಿತು. ಮುಂದೆ ಹಾಲಿನ ಗಾಡಿ, ಹಿಂದೆ ಇವರು.

“ನೋಡಿದ್ರ್ಯಾ? ನೋಡಿದ್ರ್ಯಾ?” ಈರಸಂಗಪ್ಪ ತೊಡೆ ತಟ್ಟಿಕೊಂಡ.

ಉದ್ಯಾನ ಬಂತು, ನೀರಿನ ಟಾಕಿ ಬಂತು, ಚಹಾದಂಗಡಿ ಬಂತು. ಸ್ವಲ್ಪ ಹೊತ್ತಿಗೆ ಉದ್ಯಾನ, ಟಾಕಿ, ಚಹಾದಂಗಡಿ. ಮತ್ತೆ ಉದ್ಯಾನ, ಟಾಕಿ, ಚಹಾದಂಗಡಿ!

“ಈ ಟಾಕಿ ಆಗಲೇ ನೋಡಿದ್ವಲ್ಲೋ?”

“ಅದು ಬ್ಯಾರೆ ಟಾಕಿ ವೈನಿ.”

“ಚಹಾ ಕುಡಿಯೋ ಆ ಮುದುಕನೂ ಬ್ಯಾರೆನೇನು?”

ಈರಸಂಗಪ್ಪ ಕತ್ತು ಚಾಚಿ ನೋಡಿದ. ಹಾಲಿನ ಗಾಡಿ ಮುಂದಿರಲಿಲ್ಲ. ಅದು ಹೇಳಿದ ಚಹರೆಯ ತಿರುವು ಈ ಊರಿನಲ್ಲಿ ಸೆಕ್ಟರಿಗೊಂದರಂತೆ ಇತ್ತು. ಗಾಡಿ ತನಗೆ ಮೊದಲು ಸಿಕ್ಕಿದ್ದನ್ನು ಹಿಡಿದಿತ್ತು. ಹಿಡಿದ ದಾರಿಗಾದರೂ ಒಂದು ಕೊನೆ ಬೇಡವೇ? ಕೊನೆ ಯಾವುದೆಂದು ಯಾರೂ ಹೇಳಿರಲಿಲ್ಲ. ಗಾಡಿ ಒಂದು ಕ್ಷಣ ಅನುಮಾನಿಸಿ ನಿಂತು, ಪಕ್ಕದಲ್ಲಿ ಹಾದುಹೋದ, ಹಿಂಡಿ-ಹೊಟ್ಟು ತುಂಬಿದ ಲಾರಿಯ ದಾರಿಯನ್ನು ಕೇಳಿ ಪಡೆದು ಅದರ ಬೆನ್ನು ಹತ್ತಿತು. ಲಾರಿ ಒಂದು ದನದ ಕೊಟ್ಟಿಗೆಯ ಅಂಗಳಕ್ಕೆ ಹೋಯಿತು. ಇವರೂ ಹೋದರು! ಎಮ್ಮೆಯೊಂದು ಕಿಟಕಿಯಲ್ಲಿ ಮುಖವಿಟ್ಟು ಮಾಸ್ತರರನ್ನು ನೋಡಿತು.

“ಇದು ಡಾಕ್ಟರ್ ಅಲ್ಲ,” ಎಂದರು ಮಾಸ್ತರರು.

“ನಿಲ್ಲು! ಏ, ನಿಲ್ಲು!” ಈರಸಂಗಪ್ಪ ಕೂಗಿದ. ಗಾಡಿ ವಿನಯದಿಂದ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ.

“ತೆಗಿಯೋ ಬಾಗಲಾ! ಇಳದು ಬ್ಯಾರೆ ಗಾಡಿ ಹಿಡೀತೇವಿ!” ಎಂದರು ನೀಲಕ್ಕ.

“ತೆಗಿಯೂದಿಲ್ರಿ… ಕಂಪನಿ ಕಾಯ್ದೆ. ಮಂದಿ ನಡುದಾರಿಯಾಗ ಬೀಳಬಾರದು ಅಂತ, ಗುರಿ ಮುಟ್ಟಿದ ಮ್ಯಾಲೇ ಬಾಗಲಾ ತೆಗೀತೈತಿ.”

“ಗುರಿ ಯಾವುದು ಈಗ?”

ಈರಸಂಗಪ್ಪ ಹಣೆ ಚಚ್ಚಿಕೊಂಡ. ನೀಲಕ್ಕನಿಗೂ ಆಗಲೇ ಹೊಳೆದದ್ದು. ಎಲ್ಲಿಗೆಂದು ಕೇಳದ ಗಾಡಿಗೆ ತಲುಪುವ ಜಾಗವೇ ಇಲ್ಲ!

“ಗಾಜಾದ್ರೂ ಒಡಿ!”

“ಕಲ್ಲಿನಿಂದ ಹೊಡದ್ರೂ ಒಡಿಯಬಾರದು ಅಂತ ನಾನ ಆರಿಸಿ ಹಾಕ್ಸೀನ್ರಿ ವೈನಿ,” ಎಂದ ಅವನು ಅಳುವ ದನಿಯಲ್ಲಿ.

ಗಾಡಿ ಕೊಟ್ಟಿಗೆಯಿಂದ ಹಿಂದೆ ಸರಿದು ಮತ್ತೆ ದೊಡ್ಡ ರಸ್ತೆಗೆ ಬಂತು. ಅಲ್ಲಿ ಯಾರ ದಾರಿ ಸಿಕ್ಕೀತೆಂದು ಆಂಟೆನಾ ಕುಣಿಸುತ್ತ ಕಾಯಿತು. ಬಿಳಿಯ ಗಾಡಿಯೊಂದು ಬಂತು. ಅದಕ್ಕೆ ಚೆಂಡುಹೂವಿನ ಮಾಲೆ, ಮುಂದೂ ಹಿಂದೂ ಹಸಿರು ಅಕ್ಷರಗಳಲ್ಲಿ “ಮುಕ್ತಿ ವಾಹನ” ಎಂಬ ಹೆಸರು. ದುಭಾಷಿ ಗುಂಯ್ ಎಂದಿತು. ಇವರ ಗಾಡಿ ಭಕ್ತಿಯಿಂದ ಅದರ ಹಿಂದೆ ಹೊರಟಿತು.

“ಅಯ್ಯೋ ಶಿವನೇ! ಬ್ಯಾಡ! ಇದರ ಹಿಂದ ಮಾತ್ರ ಬ್ಯಾಡ!” ನೀಲಕ್ಕ ಎರಡೂ ಕೈಯಿಂದ ಗಂಡನ ತೋಳು ಹಿಡಿದುಕೊಂಡರು.

“ಇಷ್ಟ್ಯಾಕ ಅವಸರ ಮಾಡ್ತಾರಿವರು,” ಎಂದರು ಮಾಸ್ತರರು. ನಗಲು ನೋಡಿದರು. ಕೆಮ್ಮು ಬಂತು.

ಮುಕ್ತಿ ವಾಹನದಲ್ಲಿ ಹೆಣವಿರಲಿಲ್ಲ. ಕೆಲಸ ಮುಗಿಸಿ ಮರಳುತ್ತಿತ್ತು. ಹಿಂಬದಿಯಲ್ಲಿ ಕುಳಿತಿದ್ದ ಆಳು ಇವರ ಗಾಡಿಯೊಳಗೆ ಏದುಸಿರು ಬಿಡುವ ಮುದುಕರನ್ನು ಕಂಡು ಮುಜುಗರಪಟ್ಟು, ಎದ್ದು, ಹೆಸರು ಬರೆದ ಹಿಂಬಾಗಿಲ ಫಲಕದ ಮೇಲೆ ತನ್ನ ಶಾಲು ಇಳಿಬಿಟ್ಟ. ಅಕ್ಷರ ಮುಚ್ಚಿದವು. ಅಂಥ ಗಾಬರಿಯಲ್ಲೂ ನೀಲಕ್ಕ ಅವನಿಗೆ ಕೈಮುಗಿದರು.

“ವೈನಿ, ತಾಳ್ರಿ, ಉಪಾಯ ಐತಿ!” ಈರಸಂಗಪ್ಪ ಮತ್ತೆ ಸೀಟಿನ ಕೆಳಗೆ ತೂರಿದ. “ದುಭಾಷಿ ಅಂದ್ಮ್ಯಾಲೆ ಎರಡೂ ಕಡೆ ಮಾತಾಡಬೇಕಲ್ಲ? ನಮ್ಮ ದಾರಿ ಅದಕ್ಕ ಕೊಟ್ಟುಬಿಡ್ತೀನಿ, ಅದರದ್ದು ಬಿಟ್ಟುಬಿಡ್ತೀನಿ!”

ಎರಡು ವಯರು ಅದಲುಬದಲು ಮಾಡಿದ. ಕೆಲಸವೇನೋ ಆಯಿತು. ಗಾಡಿ ಬಿಳಿ ಗಾಡಿಯನ್ನು ದಾಟಿ ಮುಂದೆ ಹೋಯಿತು. ನೀಲಕ್ಕ ನಿಟ್ಟುಸಿರು ಬಿಟ್ಟು ಹಿಂದೆ ತಿರುಗಿ ನೋಡಿದರೆ, ಮುಕ್ತಿ ವಾಹನ ಇವರನ್ನು ಹಿಂಬಾಲಿಸಿ ಬರುತ್ತಿತ್ತು!

ಎಡಕ್ಕೆ ತಿರುಗಿದರೆ ಎಡಕ್ಕೆ. ಬಲಕ್ಕೆ ತಿರುಗಿದರೆ ಬಲಕ್ಕೆ. ಇವರು ನಿಂತರೆ ಅದೂ ನಿಂತು, ತಾಳ್ಮೆಯಿಂದ ಕಾಯುತ್ತಿತ್ತು.

“ಮುಂದ ಇದ್ದದ್ದ ಛಲೋ ಇತ್ತೋ ಈರಸಂಗಪ್ಪ! ಮುಂದ ಇದ್ದದ್ದ ಛಲೋ ಇತ್ತು!”

ಆಮೇಲೆ ದುಭಾಷಿಯನ್ನು ಹಿಡಿಯುವವರಿಲ್ಲವಾಯಿತು. ಎರಡೂ ಕಡೆ ಮಾತಾಡುವ ರುಚಿ ಹತ್ತಿದ ಮೇಲೆ ಅದು ಎದುರಿಗೆ ಬಂದ ಗಾಡಿಗಳಿಗೆಲ್ಲ ತನ್ನ ಕೊನೆಯಿಲ್ಲದ ದಾರಿಯನ್ನು ಹಂಚತೊಡಗಿತು. ಹಾಲಿನ ಗಾಡಿ ತಾನೇ ಬಂದು ಸೇರಿಕೊಂಡಿತು. ನೀರಿನ ಟ್ಯಾಂಕರ್ ಸೇರಿಕೊಂಡಿತು. ಕಸದ ಗಾಡಿ ತನ್ನ ಜಾಗೃತಿ ಗೀತೆ ಹಾಡುತ್ತಲೇ ಸೇರಿಕೊಂಡಿತು. ಮದುವೆ ಮಂಟಪಕ್ಕೆ ಹೊರಟಿದ್ದ ಬಾಡಿಗೆ ಕುರ್ಚಿಗಳ ಟೆಂಪೊ, ತಾಲೂಕು ಆಫೀಸಿನ ಜೀಪು, ಉಪ್ಪಿನಕಾಯಿ ಮಾರುವ ವ್ಯಾನು, ಎಲ್ಲವೂ! ಪ್ರತಿಯೊಂದೂ ಮುಂದಿನದನ್ನು ನಂಬಿತ್ತು. ಮುಂದಿನದು ಅದರ ಮುಂದಿನದನ್ನು. ಎಲ್ಲಕ್ಕೂ ಮುಂದಿದ್ದ ಇವರ ಗಾಡಿ ವರ್ತುಲ ರಸ್ತೆಯನ್ನೊಂದು ಸುತ್ತು ಬಂದು ಮೆರವಣಿಗೆಯ ಬಾಲವನ್ನು ಕಂಡದ್ದೇ, ದಾರಿ ಗೊತ್ತಿರುವ ಗಾಡಿ ಸಿಕ್ಕಿತೆಂದು ಆನಂದದಿಂದ ಅದನ್ನೇ ಹಿಂಬಾಲಿಸಿತು!

ಹೀಗೆ ಊರಿನ ಗಾಡಿಗಳೆಲ್ಲ ಒಂದಾಗಿ, ಯಾರೂ ಯಾರಿಗೂ ಹಾರ್ನ್ ಹೊಡೆಯದೆ, ಗಾಣದೆತ್ತುಗಳಂತೆ ಸುತ್ತತೊಡಗಿದವು.

ಆ ಸುತ್ತಿನ ದಾರಿಯಲ್ಲೇ ಆಸ್ಪತ್ರೆಯ ಗೇಟಿತ್ತು.

ಮೊದಲನೇ ಸಲ ಗೇಟಿನ ಮುಂದೆ ಹಾದಾಗ ಶಹಿದಾ ಸಿಸ್ಟರ್ ಹೊರಗೆ ನಿಂತಿದ್ದರು. ಗಾಡಿಯನ್ನು ಕಂಡು ನಕ್ಕು ಕೈಬೀಸಿದರು. ಈರಸಂಗಪ್ಪ ನಿಲ್ಲೆಂದು ಕೂಗಿದ್ದಕ್ಕೆ ಗಾಡಿ ಒಂದು ಗಳಿಗೆ ನಿಂತಿತು, ಬಾಗಿಲು ತೆರೆಯಲಿಲ್ಲ. ಗಾಡಿ ಮುಂದೆ ಹೋಯಿತು. ಎರಡನೇ ಸಲ ಅವರು ಗಾಲಿಕುರ್ಚಿ ತಂದು ನಿಲ್ಲಿಸಿಕೊಂಡಿದ್ದರು. ಗಾಡಿ ಮುಂದೆ ಹೋಯಿತು. ಮುಂದಿನ ಸಲ ರಸ್ತೆಗೇ ಇಳಿದು ಎರಡೂ ತೋಳು ಚಾಚಿ ಅಡ್ಡ ನಿಂತರು. ಗಾಡಿ ಅವರಿಗೆ ತಾಕದಂತೆ ನಯವಾಗಿ ಬಳಸಿಕೊಂಡು ಮುಂದೆ ಹೋಯಿತು!

“ಅಮ್ಮಾ, ಎಲ್ರಿಗೂ ಪಾಳಿ ಹಚ್ಚೇನ್ರಿ! ಅಜ್ಜಾರ ಮಂಚಕ್ಕ ಯಾರನ್ನೂ ಹಾಕಿಲ್ಲ! ಲಗೂ ಬರ್ರಿ!” ಅವರ ಕೂಗು ಹಿಂದುಳಿಯಿತು.

ಹಾಲಿನ ಗಾಡಿ ಪಕ್ಕಕ್ಕೆ ಬಂದಾಗ ಅದರ ಆಳು, ನಾಲ್ಕೇ ಬೆರಳು ಇಳಿಯುವ ಕಿಟಕಿಯ ಸಂದಿಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟ. “ನಮ್ಮಪ್ಪನಿಗೂ ಇದ ಬ್ಯಾನಿ ಇತ್ರಿ. ನೀರು ಕೊಡಬ್ಯಾಡ್ರಿ, ಇದನ್ನ ಚೀಪಸ್ರಿ,” ಎಂದ. ನೀಲಕ್ಕ ಒಂದು ಚೂರನ್ನು ಗಂಡನ ಬಾಯಿಗಿಟ್ಟರು. ಅವರ ತುಟಿ ನೀಲಿಗಟ್ಟುತ್ತಿತ್ತು. ಇಷ್ಟು ಹೊತ್ತು ಮಾತಿಗೊಂದು ಚೇಷ್ಟೆ ಮಾಡುತ್ತಿದ್ದ ಮನುಷ್ಯ ಈಗ ಸುಮ್ಮನಾಗಿದ್ದರು. ಗಾಡಿಯಲ್ಲಿ ಅವರ ಎದೆಯ ಗೊರಗೊರ ಸದ್ದೊಂದೇ ಕೇಳುತ್ತಿತ್ತು. ಹಿಂದಿನ ಗಾಜಿನ ತುಂಬ ಚೆಂಡುಹೂವಿನ ಮಾಲೆ.

“ರೀ, ಮಾತಾಡ್ರಿ. ಏನರ ಮಾತಾಡ್ರಿ.”

ಮಾಸ್ತರರು ತಲೆ ಅಲ್ಲಾಡಿಸಿದರು ಅಷ್ಟೆ.

ಈರಸಂಗಪ್ಪ ಪೆಟ್ಟಿಗೆಯ ವಯರುಗಳನ್ನೆಲ್ಲ ಕಿತ್ತು ತೊಡೆಯ ಮೇಲೆ ಗುಡ್ಡೆ ಹಾಕಿಕೊಂಡಿದ್ದ. ಪ್ರಯೋಜನವಾಗಲಿಲ್ಲ, ದುಭಾಷಿಯ ಮಾತು ಅಷ್ಟರಲ್ಲಿ ಎಲ್ಲ ಗಾಡಿಗಳ ಬಾಯಿಗೂ ಬಂದುಹೋಗಿತ್ತು. ಅವನ ಕಣ್ಣಲ್ಲಿ ನೀರಿತ್ತು.

“ವೈನಿ, ಒಂದ ದಾರಿ ಉಳದೈತಿ,” ಎಂದ ಮೆಲ್ಲಗೆ. “ಪೆಟ್ಟಿಗಿ ಬಾಯಿ ಮುಚ್ಚೀನಿ, ಗಾಡಿ ಕಿವಿ ಮುಚ್ಚಿಲ್ಲ. ಒಳಗ ಕುಂತವರು ಒಬ್ಬರು ಆ ಪ್ರಶ್ನೆ ಕೇಳಬೇಕು. ಹೊಂಟವರು ಉತ್ತರಾ ಹೇಳಬೇಕು. ಅದಕ್ಕ ಗುರಿ ಸಿಗತೈತಿ.”

“ಮತ್ತ ಕೇಳೋ!”

ಅವನು ಕೈಮುಗಿದ. “ನೀವು ಬ್ಯಾಡ ಅಂದೀರಿ. ನೀವು ಹೂಂ ಅನ್ನಲಾರದ ನಾ ಹ್ಯಾಂಗ ಕೇಳ್ಲಿ?”

ನೀಲಕ್ಕ ಅವನನ್ನೇ ನೋಡಿದರು. ಊರನ್ನೇ ಗಾಣಕ್ಕೆ ಕಟ್ಟಿದ ಈ ಹುಚ್ಚ ಪ್ರಾಣಸಂಕಟದ ಹೊತ್ತಿನಲ್ಲೂ ತಮ್ಮ ಒಂದು ಭಯಕ್ಕೆ ಮರ್ಯಾದೆ ಕೊಟ್ಟು ಕಾಯುತ್ತಿದ್ದಾನೆ. ಕೇಳಿದರೆ ಏನಾಗಬಹುದೆಂಬ ಹೆದರಿಕೆ ಅವರಿಗೆ ಹೋಗಿರಲಿಲ್ಲ. ಆದರೆ ಈ ಮಾತು ಯಾರಾದರೂ ಆಡಲೇಬೇಕೆಂದಿದ್ದರೆ ಅದು ಪೆಟ್ಟಿಗೆಯ ದನಿಯಲ್ಲಿ ಬರುವುದು ಬೇಡ, ನೆರೆಯವನ ದನಿಯಲ್ಲೂ ಬೇಡ.

ಗಂಡನ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು.

“ರೀ, ನೋಡ್ರಿಲ್ಲೆ. ನಾನು ಕೇಳಾಕತ್ತೀನಿ. ಎಲ್ಲಿಗೆ ಹೊಂಟೀರಿ?”

ಮಾಸ್ತರರು ಕಣ್ಣು ತೆರೆದರು. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಬಹಳ ಹೊತ್ತು ಎಂದರೆ ನೀಲಕ್ಕನಿಗೆ ಹಾಗನ್ನಿಸಿತು. ಅವರ ತುಟಿ ಸುಮ್ಮನೆ ಅಲುಗಿತು.

“ಹೇಳ್ರಿ! ನನ್ನ ಆಣೆ ಐತಿ, ಹೇಳ್ರಿ! ಎಲ್ಲಿಗೆ?”

“ಡಯಾಲಿಸಿಸ್… ವಾರ್ಡಿಗೆ,” ಎಂದರು ಮಾಸ್ತರರು. ಉಸಿರೆಳೆದುಕೊಂಡರು. ಡ್ರಾಯಿಂಗ್ ಮಾಸ್ತರಿಕೆ ಮಾಡಿದವರಿಗೆ ಅರ್ಧ ಗುರುತು ಹೇಳಿ ಅಭ್ಯಾಸವಿಲ್ಲ. “ಕಿಟಕಿ ಬಾಜೂಕಿನ… ಮಂಚಕ್ಕ.”

ಗಾಡಿ ಕಿರ್ರೆಂದು ತಿರುಗಿತು! ಗೇಟು ದಾಟಿತು, ಹೂಕುಂಡಗಳ ನಡುವೆ ನುಸುಳಿತು, ಔಷಧದ ಅಂಗಡಿಯ ಸಾಲನ್ನು ಸೀಳಿಕೊಂಡು ಹಿತ್ತಿಲಿನ ಹುಲ್ಲಿನ ಮೇಲೆ ಓಡಿ, ವಾರ್ಡಿನ ಕಿಟಕಿಗೆ ಮೂತಿ ತಾಗಿಸಿ ನಿಂತಿತು. ಅಲ್ಲಿಂದ ಮಂಚಕ್ಕೆ ಒಂದು ಮೊಳ. ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು.

ಈರಸಂಗಪ್ಪ ಮಾಸ್ತರರನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಿದ. ಗೇಟಿನಿಂದ ಓಡಿಬಂದಿದ್ದ ಶಹಿದಾ ಸಿಸ್ಟರ್ ಬೈಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಆಮ್ಲಜನಕದ ಮುಖವಾಡ ಹಾಕಿ, ತೋಳಿಗೆ ಸೂಜಿ ಚುಚ್ಚಿ, ಯಂತ್ರಕ್ಕೆ ಜೋಡಿಸಿ, ನೀಲಕ್ಕನ ಕೈಗೊಂದು ಲೋಟ ಚಹಾ ಕೊಟ್ಟ ಮೇಲೆಯೇ ತಾವು ಕುರ್ಚಿಗೆ ಕುಸಿದದ್ದು. ಯಂತ್ರ ತಿರುಗಿತು. ಮೆಲ್ಲಮೆಲ್ಲಗೆ ಎದೆಯ ಗೊರಗೊರ ಇಳಿಯಿತು. ತುಟಿಗೆ ಬಣ್ಣ ಬಂತು. ನೀಲಕ್ಕ ಮೊದಲ ಗುಟುಕು ಚಹಾ ಕುಡಿದರು.

ಅಷ್ಟರಲ್ಲಿ ಕಿಟಕಿಗೆ ಟಕ್ ಎಂದು ಏನೋ ತಾಗಿತು.

ಹಾಲಿನ ಗಾಡಿ! ಈರಸಂಗಪ್ಪನ ಗಾಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟಿತ್ತು. ಹಾಲಿನ ಗಾಡಿ ಕಿಟಕಿಗೆ ಮೂತಿ ತಾಗಿಸಿ, ಬಾಗಿಲು ತೆರೆದು, ಆಳನ್ನು ಇಳಿಸಿ, ಕೃತಾರ್ಥವಾಗಿ ಹಿಂದೆ ಸರಿಯಿತು. ಅದರ ಹಿಂದೆ ನೀರಿನ ಟ್ಯಾಂಕರ್. ಅದರ ಹಿಂದೆ ಹಾಡುವ ಕಸದ ಗಾಡಿ. ಕುರ್ಚಿಗಳ ಟೆಂಪೊ, ತಾಲೂಕು ಆಫೀಸಿನ ಜೀಪು, ಉಪ್ಪಿನಕಾಯಿಯ ವ್ಯಾನು. ಗೇಟಿನಾಚೆ ಕಣ್ಣು ಹಾಯುವವರೆಗೂ ಸಾಲು! ಊರಿನ ಎಲ್ಲ ಗಾಡಿಗಳಿಗೂ ಈಗ ಜಗತ್ತಿನಲ್ಲಿ ಒಂದೇ ಗುರಿ: ಡಯಾಲಿಸಿಸ್ ವಾರ್ಡು, ಕಿಟಕಿ ಬಾಜೂಕಿನ ಮಂಚ. ಅದನ್ನು ಮುಟ್ಟುವವರೆಗೆ ಯಾವ ಗಾಡಿಯೂ ಬಾಗಿಲು ತೆರೆಯುವಂತಿರಲಿಲ್ಲ. ಒಂದೊಂದಾಗಿ ಬಂದು, ಕಿಟಕಿಗೆ ನಮಸ್ಕಾರ ಮಾಡಿದಂತೆ ಮೂತಿ ತಾಗಿಸಿ ಹೋಗುತ್ತಿದ್ದವು. ಇಳಿದ ಜನ ಬೈಯಬೇಕೆಂದು ಬಾಯಿ ತೆರೆದು, ಒಳಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಮುದುಕರನ್ನು ಕಂಡು, “ಆರಾಮ ಆಗ್ರಿ ಅಜ್ಜಾರ” ಎಂದು ಹೇಳಿ ಹೋದರು. ತಾಲೂಕು ಆಫೀಸಿನ ಸಾಹೇಬರಂತೂ ತಮ್ಮ ಕೈಯಲ್ಲಿದ್ದ ಮೋಸಂಬಿಯನ್ನೇ ಕಿಟಕಿಯಲ್ಲಿಟ್ಟರು. ಸಿಸ್ಟರ್ ಅದನ್ನು ಎತ್ತಿ ಒಳಗಿಟ್ಟರು, ಮಾಸ್ತರರ ಕಣ್ಣು ಅದರ ಮೇಲೆ ಬಿದ್ದಿತ್ತು!

ಕಟ್ಟಕಡೆಗೆ ಬಿಳಿಯ ಗಾಡಿಯೊಂದು ಹುಲ್ಲಿನ ಮೇಲೆ ಮೆಲ್ಲಗೆ ಉರುಳಿ ಬಂತು. ಚೆಂಡುಹೂವಿನ ಮಾಲೆ ಕಿಟಕಿಯ ಸರಳಿಗೆ ತಾಗಿತು. ಟಕ್.

ನೀಲಕ್ಕ ಲೋಟ ಕೆಳಗಿಟ್ಟು ಮಂಚದ ಅಂಚು ಹಿಡಿದು ಎದ್ದು ನಿಂತರು.

ಮಾಸ್ತರರು ಮುಖವಾಡವನ್ನು ಒಂದಿಷ್ಟು ಸರಿಸಿ, ಮುಕ್ತಿ ವಾಹನವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಸಿಸ್ಟರ್,” ಎಂದರು, “ಪಾಳಿ ಹಚ್ಚಿಸಲಾರದ ಬಂದವರನ್ನ ಒಳಗ ಬಿಡಬ್ಯಾಡ್ರಿ.”